ಕರುಣೆಯ ಕಥೆಯೋ, ಕಾಯಕದ ಕಥೆಯೋ?

ಗದುಗಿನ ಗವಾಯಿಗಳ ಹೆಸರು ಕೇಳಿಬಾರದ ಜಾತ್ರೆಯಾಗಲಿ ಪುರಾಣಮಂಗಲವಾಗಲಿ ನಮ್ಮ ಭಾಗದಲ್ಲಿಲ್ಲ. ಅದರಲ್ಲಿಯೂ ಸವಾಯಿ ಗಂಧರ್ವರ ಊರಾದ ಕುಂದಗೋಳದ ಸೀಮೆಯಲ್ಲಿ ಸಂಗೀತವೆಂದರೆ ಮನೆಯ ಮಾತು. ಇದೇ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಗವಾಯಿಗಳ ಚರಿತ್ರೆಯನ್ನು ನಾವು ಹೇಳುತ್ತ ಬಂದಿರುವ ಬಗೆಯನ್ನು ಒಮ್ಮೆ ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಅವಶ್ಯವೆಂದು ತೋರುತ್ತದೆ. ಇದು ಮಹನೀಯರ ವಿಮರ್ಶೆಯಲ್ಲ. ನಮ್ಮ ಹೇಳಿಕೆಯ ವಿಮರ್ಶೆ.

ಕಥೆ ಎಲ್ಲರಿಗೂ ತಿಳಿದುದೇ. ಕ್ರಿ.ಶ. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಗದಿಗೆಯ್ಯನೆಂಬ ಅಂಧ ಬಾಲಕನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕೈಹಿಡಿದರು. ಆತನೇ ಮುಂದೆ ಪಂಚಾಕ್ಷರಿ ಗವಾಯಿಯಾಗಿ, ತಮ್ಮಂಥ ಅನೇಕ ಅಂಧ ಬಾಲಕರಿಗೆ ವಿದ್ಯೆ ಕೊಟ್ಟು, 1944ರಲ್ಲಿ ಲಿಂಗೈಕ್ಯರಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆಯನ್ನು ಅವರ ಶಿಷ್ಯರಾದ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದರು. ಅದೇ ವರುಷ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಸಂದಿತ್ತು.

ಈ ಚರಿತ್ರೆಯನ್ನು ನಮ್ಮ ವೇದಿಕೆಗಳು ಎರಡು ರಸಗಳಲ್ಲಿ ಮುಗಿಸಿಬಿಡುತ್ತವೆ: ಮೊದಲು ಕರುಣ, ಆಮೇಲೆ ಅದ್ಭುತ. ಕಣ್ಣಿಲ್ಲದ ಕೂಸು ಎಂದಾಗ ಸಭೆ ಮರುಗುತ್ತದೆ. ಗುರುಕೃಪೆಯಿಂದ ಗಾನಯೋಗಿಯಾದರು ಎಂದಾಗ ಕೈಮುಗಿಯುತ್ತದೆ. ಇವೆರಡರ ನಡುವೆ ಸಂದುಹೋದ ಅನೇಕ ವರುಷಗಳ ದುಡಿಮೆ ಕಾಣೆಯಾಗುತ್ತದೆ. ಗುರುಕೃಪೆ ಸತ್ಯವೇ, ಆದರೆ ಆ ಕೃಪೆಯು ಯಾವ ರೂಪದಲ್ಲಿ ಇಳಿದುಬಂದಿತೆಂಬುದನ್ನು ನೋಡಬೇಕು. ಕುಮಾರ ಸ್ವಾಮಿಗಳು ಬಾಲಕನಿಗೆ ಕೇವಲ ಅನ್ನವಿಕ್ಕಿ ಮಠದ ಮೂಲೆಯಲ್ಲಿ ಕೂಡ್ರಿಸಲಿಲ್ಲ. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಬಳಿಕ ಶಿವಯೋಗಮಂದಿರದಲ್ಲಿ ಮಿರಜದ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಸಂಗೀತ, ಹೀಗೆ ಎರಡೂ ಪದ್ಧತಿಗಳ ಪಾಂಡಿತ್ಯ ದೊರೆಯುವಂತೆ ಮಾಡಿದರು. ಅರೆಬರೆ ಕಲಿಸಿ ಭಜನೆಯ ಮೇಳದಲ್ಲಿ ತಾಳ ಹಾಕಲು ಬಿಡಲಿಲ್ಲ. ಲೋಕವು ಹಣ ಕೊಟ್ಟು ಕೇಳಬೇಕಾದ ವಿದ್ಯೆಯನ್ನು ಕೊಡಿಸಿದರು.

ಅಂಗವಿಕಲರ ಸ್ವಯಂಉದ್ಯೋಗವೆಂದು ನಾವು ಇಂದು ಹೇಳುವ ವಿಷಯಕ್ಕೆ ಬೇಕಾದ ನಾಲ್ಕು ಅಂಗಗಳೂ ಈ ಚರಿತ್ರೆಯಲ್ಲಿವೆ: ಪೂರ್ಣ ತರಬೇತಿ, ಕೈಗೆ ಒಗ್ಗಿದ ಸಾಧನ, ದುಡಿಮೆಗೆ ಗಿರಾಕಿ, ಆರಂಭದಲ್ಲಿ ಬೆನ್ನಿಗೆ ನಿಲ್ಲುವ ಬಂಡವಾಳ. ಹಾರ್ಮೋನಿಯಂ, ತಬಲಾ, ಪಿಟೀಲು ಸಾಧನಗಳಾದವು. ಪುರಾಣ, ಕೀರ್ತನ, ಕಛೇರಿ, ಸಂಗೀತಪಾಠ, ನಾಟಕ ಇವು ಪೇಟೆಯಾದವು. ಆಶ್ರಮದ ಒಲೆ ಉರಿಯಲು ಗವಾಯಿಗಳು ನಾಟಕ ಸಂಘವನ್ನೇ ಕಟ್ಟಿ ಊರೂರು ತಿರುಗಿಸಿದರು. ಪುಟ್ಟರಾಜರು ಅದಕ್ಕೆ ನಾಟಕಗಳನ್ನೂ ಬರೆದುಕೊಟ್ಟರು. ತುಲಾಭಾರದ ನಾಣ್ಯಗಳನ್ನು ನಾವು ನೆನೆಯುತ್ತೇವೆ. ನಾಟಕದ ಟಿಕೆಟ್ಟಿನ ಹಣವನ್ನು ಮರೆಯುತ್ತೇವೆ. ಮೊದಲನೆಯದು ಭಕ್ತರು ಕೊಟ್ಟದ್ದು, ಎರಡನೆಯದು ಅವರು ಗಳಿಸಿದ್ದು. ಚರಿತ್ರೆಯ ಕಣ್ಣಿಗೆ ಎರಡೂ ಬೀಳಬೇಕು.

ಇನ್ನೊಂದು ಸಂಗತಿ. ಯಲಿವಾಳದ ಬಸವರಾಜ ರಾಜಗುರುಗಳಿಗೆ ದೃಷ್ಟಿಯಿತ್ತು. ಕಣ್ಣುಳ್ಳ ಬಾಲಕನು ಕಣ್ಣಿಲ್ಲದ ಗುರುವಿನಲ್ಲಿ ಕಲಿತು ಭಾರತಕ್ಕೆಲ್ಲ ಹೆಸರಾದನು. ಇಲ್ಲಿ ಕೊಟ್ಟವರಾರು, ಕೊಂಡವರಾರು? ಅಂಗವಿಕಲನೆಂದರೆ ಯಾವಾಗಲೂ ಬೇಡುವ ಕೈ ಎಂಬ ನಮ್ಮ ಎಣಿಕೆ ಈ ಒಂದು ನಿದರ್ಶನದಿಂದಲೇ ಕುಸಿದುಬೀಳುತ್ತದೆ.

ಶರಣಧರ್ಮದ ಕಾಯಕತತ್ತ್ವಕ್ಕೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದುದು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ಮಾಡಿದನೆಂಬುದನ್ನು ನಾವು ಬಲ್ಲೆವು. ಆತನ ಕಥೆಯಲ್ಲಿ ಹೊಸೆಯುವುದಷ್ಟೇ ಅಲ್ಲ, ಮಾರುವುದೂ ಇದೆ. ಮಾರುವುದಷ್ಟೇ ಅಲ್ಲ, ನೀಡುವುದೂ ಇದೆ. ಕಾಯಕವು ದಾಸೋಹದಲ್ಲಿ ಮುಗಿಯದಿದ್ದರೆ ಅದು ಅರ್ಧ ಕಾಯಕ. ಹೀಗಿರುವಾಗ ಊರಿನ ಕುಂಟನನ್ನೂ ಕುರುಡನನ್ನೂ ದಾಸೋಹದ ಪಂಕ್ತಿಯಲ್ಲಿ ಮಾತ್ರ ಕೂಡ್ರಿಸಿ, ನೀಡುವ ಸೌಟನ್ನು ಅವರ ಕೈಗೆ ಎಂದೂ ಕೊಡದಿರುವುದು ಕರುಣೆಯಾದೀತೇ? ಅವರಿಂದ ಉಣ್ಣಿಸುವ ಅಧಿಕಾರವನ್ನೇ ಕಸಿದುಕೊಂಡಂತಾಗಲಿಲ್ಲವೇ? ಗದುಗಿನ ಆಶ್ರಮದ ನಿಜವಾದ ಹಿರಿಮೆ ಅಲ್ಲಿ ಅಂಧರು ಉಂಡರೆಂಬುದರಲ್ಲಿಲ್ಲ; ಅಂಧರು ದುಡಿದು ಇತರರಿಗೆ ಉಣಿಸಿದರೆಂಬುದರಲ್ಲಿದೆ.

ಆದರೂ ಈ ಚರಿತ್ರೆಯನ್ನು ಕಣ್ಣುಮುಚ್ಚಿ ಮಾದರಿಯಾಗಿಸಿಕೊಳ್ಳಬಾರದು. ಎಲ್ಲ ಅಂಧರಿಗೂ ಕಂಠವಿರುವುದಿಲ್ಲ. ಕುರುಡನೆಂದೊಡನೆ ಕೈಗೆ ಹಾರ್ಮೋನಿಯಂ ಕೊಡುವುದು, ಕುಂಟನೆಂದೊಡನೆ ಹೊಲಿಗೆಯಂತ್ರದ ಮುಂದೆ ಕೂಡ್ರಿಸುವುದು ಹೊಸದೊಂದು ಬಗೆಯ ಜಾತಿಕಸುಬನ್ನು ಸೃಷ್ಟಿಸಿದಂತೆಯೇ ಸರಿ. ಹುಟ್ಟಿನಿಂದ ಕಸುಬನ್ನು ಕಟ್ಟಿಹಾಕುವುದನ್ನು ನಿರಾಕರಿಸಿದ ಶರಣರ ಮಕ್ಕಳು ಊನದಿಂದ ಕಸುಬನ್ನು ಕಟ್ಟಿಹಾಕಬಹುದೇ? ವ್ಯಕ್ತಿಯ ಒಲವನ್ನು ಮೊದಲು ಕೇಳಬೇಕು.

ಎರಡನೆಯದಾಗಿ, ಸ್ವಯಂಉದ್ಯೋಗದ ಹೊಗಳಿಕೆಯು ನೌಕರಿ ಕೊಡದಿರುವುದಕ್ಕೆ ನೆವವಾಗಬಾರದು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಸರಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿಯನ್ನು ವಿಧಿಸಿದೆ. ಅದು ಹಕ್ಕು. ಆ ಹಕ್ಕನ್ನು ಬದಿಗೊತ್ತಿ, ‘ನೀನೇ ಒಂದು ಅಂಗಡಿ ಹಾಕಿಕೊಳ್ಳಬಾರದೇ’ ಎನ್ನುವುದು ಉಪದೇಶವಲ್ಲ, ಜಾರಿಕೆ. ಸ್ವಂತ ಉದ್ಯೋಗವು ಒಲಿದು ಆರಿಸಿಕೊಳ್ಳುವ ದಾರಿಯಾಗಬೇಕೇ ಹೊರತು ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದರಿಂದ ಉಳಿದ ದಾರಿಯಾಗಬಾರದು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ ಅಂಗವಿಕಲರಿದ್ದಾರೆ. ಅವರಿಗೆ ಸಾಲ ಕೊಡಲೆಂದೇ 1997ರಲ್ಲಿ ರಾಷ್ಟ್ರೀಯ ಹಣಕಾಸು ನಿಗಮವೊಂದು ಸ್ಥಾಪನೆಯಾಯಿತು. ರಾಜ್ಯದಲ್ಲಿ ‘ಆಧಾರ’ ಎಂಬ ಹೆಸರಿನ ಸ್ವಯಂಉದ್ಯೋಗ ಯೋಜನೆಯೂ ರೂಪುಗೊಂಡಿತು. ಮೇಲೆ ಹೇಳಿದ ಅಧಿನಿಯಮವೇ ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ. 5ರಷ್ಟು ಪಾಲನ್ನು ಅವರಿಗೆ ಕಾದಿರಿಸಿದೆ. ಕಾಗದದ ಮೇಲೆ ಬಂಡವಾಳಕ್ಕೆ ದಾರಿಯಿದೆ. ಆದರೆ ಜಾಮೀನು ಯಾರು ಹಾಕಬೇಕು? ಮುಂಗಾರಿನಲ್ಲಿ ಎರೆಮಣ್ಣು ಹತ್ತಿ ಎತ್ತಿನ ಬಂಡಿಯೇ ಹೂತುಹೋಗುವ ನಮ್ಮ ಹಾದಿಗಳಲ್ಲಿ ಮೂರುಗಾಲಿಯ ಗಾಡಿ ತಾಲೂಕಿನ ಕಚೇರಿಗೆ ಎಷ್ಟು ಸಲ ಅಲೆದೀತು? ಹಾಗೂ ಹೀಗೂ ಸಾಲ ದೊರೆತು ಅಂಗಡಿ ತೆರೆದರೆ ‘ಪಾಪ’ ಎಂದು ಒಂದು ಸಲ ಕೊಂಡವರು ಎರಡನೆಯ ಸಲ ಬರುವರೇ? ಪಾಪವೆಂದು ಕೊಳ್ಳುವವನು ಗಿರಾಕಿಯಲ್ಲ. ಮಾಲು ಚಲೋ ಇದೆಯೆಂದು ಕೊಳ್ಳುವವನೇ, ಚಲೋ ಇರದಿದ್ದರೆ ಮುಖದೆದುರೇ ಹೇಳುವವನೇ ನಿಜವಾದ ಗಿರಾಕಿ.

ಈ ಕೊರತೆಗಳನ್ನು ತುಂಬಲು ಸದ್ಭಕ್ತರಿಗೂ ಮಠಗಳ ನಿಲಯದಲ್ಲಿ ಉಂಡು ಓದಿ ಹೋದ ಹಳೆಯ ವಿದ್ಯಾರ್ಥಿಗಳಿಗೂ ಸಾಧ್ಯವಿದೆ. ಬ್ಯಾಂಕಿನಲ್ಲಿರುವವರು ಅರ್ಜಿ ತುಂಬಿಸಿಕೊಡಲಿ. ಅನುಕೂಲವಂತರು ಜಾಮೀನು ನಿಲ್ಲಲಿ. ಪ್ರಸಾದನಿಲಯಗಳಿಗೆ ಬೇಕಾಗುವ ಖಡಕ್ ರೊಟ್ಟಿ, ಖಾರದ ಪುಡಿ, ಹೊಲಿದ ಅರಿವೆ, ಜಾತ್ರೆಯ ಕರಪತ್ರದ ಮುದ್ರಣ, ಇವೆಲ್ಲವನ್ನೂ ನಾವು ಎಲ್ಲಿಂದಲೋ ಕೊಳ್ಳುತ್ತಲೇ ಇದ್ದೇವೆ. ಅದರಲ್ಲೊಂದು ಪಾಲನ್ನು, ಪೇಟೆಯ ದರದಲ್ಲಿ, ಗುಣವನ್ನು ಪರೀಕ್ಷಿಸಿಯೇ, ಅಂಗವಿಕಲರ ಕೈಯಿಂದ ಕೊಂಡರೆ ಕಾಣಿಕೆಯ ಪೆಟ್ಟಿಗೆಯಿಂದ ಆಗದ ಕೆಲಸ ಆದೀತು.

ಗವಾಯಿಗಳ ಪುಣ್ಯತಿಥಿ ಮತ್ತೆ ಬರುತ್ತದೆ. ವೇದಿಕೆಯ ಮೇಲೆ ಅವರ ಚರಿತ್ರೆಯನ್ನು ಮತ್ತೆ ಹೇಳುತ್ತೇವೆ. ಈ ಸಲ ಹೇಳುವಾಗ ಸಭೆಯ ಅಂಚಿನಲ್ಲಿ ಊರುಗೋಲು ಹಿಡಿದು ನಿಂತ ತರುಣನೊಬ್ಬನು ಕೇಳುತ್ತಿದ್ದಾನೆಂಬುದು ನೆನಪಿರಲಿ. ಆತನಿಗೆ ಬೇಕಾಗಿರುವುದು ಪವಾಡದ ವರ್ಣನೆಯಲ್ಲ. ಗವಾಯಿಗಳು ಎಷ್ಟು ವರುಷ ಕಲಿತರು, ಯಾರು ಕಲಿಸಿದರು, ಯಾರು ಖರ್ಚು ಹೊತ್ತರು, ಹೇಗೆ ಗಳಿಸಿದರು, ಎಷ್ಟು ಜನಕ್ಕೆ ಉಣಿಸಿದರು ಎಂಬ ಲೆಕ್ಕ. ಆ ಲೆಕ್ಕವನ್ನು ಆತನಿಗೆ ಒಪ್ಪಿಸುವುದೇ ಗವಾಯಿಗಳಿಗೆ ನಾವು ಸಲ್ಲಿಸಬಹುದಾದ ನಿಜವಾದ ಸೇವೆ.