ಶಾಲು ಹೊದೆಸುವ ಮೊದಲು

ಆಮಂತ್ರಣ ಪತ್ರಿಕೆ ಬಂದದ್ದು ನಮ್ಮ ಯಜಮಾನರ ಹೆಸರಿಗೆ. ಅವರು ಹುಟ್ಟಿ ಬೆಳೆದದ್ದೆಲ್ಲ ದಾವಣಗೆರೆಯಲ್ಲಿ. ಆನವಟ್ಟಿ ಸೀಮೆಯ ಯಾವ ಶಾಲೆಯ ಹೊಸ್ತಿಲನ್ನೂ ತುಳಿದವರಲ್ಲ. ಓದಿದವಳು ನಾನು. "ನಿಮ್ಮ ಹೈಸ್ಕೂಲಿನವರು ನನ್ನನ್ನು ಹಳೆಯ ವಿದ್ಯಾರ್ಥಿ ಮಾಡಿಬಿಟ್ಟಿದ್ದಾರಲ್ಲೇ! ಪಾಸೋ ಫೇಲೋ ಅದನ್ನೂ ಕೇಳಿಕೊಂಡು ಬಾ" ಎಂದು ನಗುತ್ತ ಲಕೋಟೆಯನ್ನು ನನ್ನ ಕೈಗಿತ್ತರು. ವಿಳಾಸ ಕೊಟ್ಟವನು ನನ್ನ ತಮ್ಮ. ತವರಿನಲ್ಲಿ ಯಾರು ಕೇಳಿದರೂ ಅಕ್ಕನ ವಿಳಾಸ ಎಂದರೆ ಭಾವನ ಹೆಸರೇ. ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಮದುವೆಮನೆಗಳ ಕರೆಯೋಲೆಗಳೂ ಮೂವತ್ತು ವರ್ಷದಿಂದ ಹಾಗೆಯೇ ಬರುತ್ತಿವೆ, ನಾನು ಒಂದು ದಿನವೂ ಚಕಾರ ಎತ್ತಿರಲಿಲ್ಲ.

ಅದು ಶಾಲೆಯ ಸುವರ್ಣ ಮಹೋತ್ಸವ, 2017ರ ಡಿಸೆಂಬರಿನಲ್ಲಿ. ಜೊತೆಗೆ "ಸಾಧಕ ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನ". ಶಾಲೆ ಯಾವುದು ಎಂದು ನಾನು ಹೇಳುವುದಿಲ್ಲ. ಆನವಟ್ಟಿಯ ಸುತ್ತ ಹತ್ತಾರು ಹಳ್ಳಿಗಳ ಮಕ್ಕಳು ನಡೆದು, ಸೈಕಲ್ ತುಳಿದು ಬಂದು ಓದುವ ಹೈಸ್ಕೂಲುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ನಿಮ್ಮೂರಿನ ಸಮಾರಂಭವೂ ಇದಕ್ಕಿಂತ ಬೇರೆಯಾಗಿ ನಡೆದಿರಲಾರದು. ಹಾಗೆ ನಡೆದಿದ್ದರೆ ನೀವು ಪುಣ್ಯವಂತರು.

ಶಿವಮೊಗ್ಗದಿಂದ ಬಸ್ಸು ಹತ್ತಿದೆ. ಶಿಕಾರಿಪುರ ದಾಟಿ ಶಿರಾಳಕೊಪ್ಪದ ಹತ್ತಿರ ಬಂದಾಗಲೆಲ್ಲ ನನಗೆ ತಾಳಗುಂದದ ನೆನಪು. ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಪ್ರಣವೇಶ್ವರ ಗುಡಿಯ ಎದುರಿನ ಕಂಬ ತೋರಿಸಿದ್ದರು. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದ ಐದನೆಯ ಶತಮಾನದ ಶಾಸನ ಅದು. ಮಯೂರಶರ್ಮ ಓದಲೆಂದು ತಾತ ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾಗಿ ದರ್ಭೆ ಹಿಡಿವ ಕೈಯಲ್ಲಿ ಕತ್ತಿ ಹಿಡಿದದ್ದು, ಕೊನೆಗೆ ಪಲ್ಲವರೇ ಅವನಿಗೆ ಪಟ್ಟ ಕಟ್ಟಿದ್ದು ಎಲ್ಲವೂ ಆ ಕಲ್ಲಿನಲ್ಲಿದೆ. ಅಂದರೆ ನಮ್ಮ ಸೀಮೆಯಲ್ಲಿ ಕಲ್ಲಿನ ಮೇಲೆ ಹೊಗಳಿಸಿಕೊಂಡ ವಿದ್ಯಾರ್ಥಿ ಓದನ್ನು ಅರ್ಧಕ್ಕೇ ಬಿಟ್ಟವನು! ಇನ್ನೊಂದು ಮಾತು ಮೇಷ್ಟ್ರು ಹೇಳಿದ್ದು ನನಗೆ ಆಮೇಲೆ ಅರ್ಥವಾಯಿತು. ಆ ಶಾಸನ ಹುಟ್ಟಿದ್ದು ಯುದ್ಧಕ್ಕಾಗಿ ಅಲ್ಲ, ಕೆರೆಗಾಗಿ. ಕಾಕುಸ್ಥವರ್ಮ ಗುಡಿಯ ಬಳಿ ಒಂದು ಕೆರೆ ಕಟ್ಟಿಸಿದ. ಅದನ್ನು ಹೇಳಲು ಕವಿ ವಂಶದ ಕಥೆಯನ್ನೆಲ್ಲ ಹೇಳಬೇಕಾಯಿತು. ಹೊಗಳುವುದಕ್ಕೆ ಮೊದಲು ಊರಿಗೆ ಏನಾಯಿತು ಎಂಬ ಒಂದು ಸಂಗತಿ ಅಲ್ಲಿತ್ತು.

ನಮ್ಮ ಶಾಲೆಯ ಅಂಗಳದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಮೂರು ಸಾಲು ಕುರ್ಚಿ. ಸನ್ಮಾನಕ್ಕೆ 14 ಜನ. ಶಾಲು, ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಮತ್ತೆ ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ಕಿನ ಸ್ಮರಣಿಕೆ. ಸೊರಬದ ಗುಡಿಗಾರರ ಕೆತ್ತನೆ ಜಗತ್ತಿಗೇ ಗೊತ್ತು. ಅದೇ ತಾಲ್ಲೂಕಿನ ಶಾಲೆಯೊಂದಕ್ಕೆ ಸ್ಮರಣಿಕೆ ಬೇಕೆಂದರೆ ಪ್ಲಾಸ್ಟಿಕ್ಕು. ಹೋಗಲಿ, ಗಂಧದ ಮರದ ಬೆಲೆ ನನಗೂ ತಿಳಿದಿದೆ. ಆದರೆ ಗುಡಿಗಾರರು ಬೇರೆ ಮರವನ್ನೂ ಕೆತ್ತಬಲ್ಲರು.

ನನ್ನ ಕೈಗೆ ಸ್ಮರಣ ಸಂಚಿಕೆ ಸಿಕ್ಕಿತು. ಭಾಷಣಗಳು ಉದ್ದವಾದ್ದರಿಂದ ಅಲ್ಲೇ ಕುಳಿತು ಮೊದಲಿಂದ ಕೊನೆಯವರೆಗೆ ಓದಿದೆ. ಸನ್ಮಾನಿತರ ಪರಿಚಯಗಳನ್ನು ನೀವೂ ಒಮ್ಮೆ ಸಾಲಾಗಿ ಓದಿ ನೋಡಿ. ಹದಿನಾಲ್ಕು ಬದುಕುಗಳನ್ನು ಒಂದೇ ಅಚ್ಚಿನಲ್ಲಿ ಎರೆದಂತೆ. "ಕಡುಬಡತನದ ಕುಟುಂಬದಲ್ಲಿ ಜನಿಸಿ", "ಬರಿಗಾಲಿನಲ್ಲಿ ಮೈಲಿಗಟ್ಟಲೆ ನಡೆದು", "ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿ". ಇಷ್ಟಾದ ಮೇಲೆ ಒಮ್ಮೆಗೇ ಬೆಂಗಳೂರು, ಮುಂಬಯಿ, ಅಮೆರಿಕ. ಆ ಬುಡ್ಡಿಗೆ ಎಣ್ಣೆ ಹಾಕಿದವರು ಯಾರು, ಗಾಜು ಒರೆಸಿದವರು ಯಾರು, ರೇಶನ್ ಅಂಗಡಿಯ ಮುಂದೆ ಡಬ್ಬಿ ಹಿಡಿದು ನಿಂತವರು ಯಾರು, ಒಂದು ಸಾಲೂ ಇಲ್ಲ. ಹತ್ತೂರಿನ ಮಕ್ಕಳಿಗೆ ಪಾಠ ಹೇಳಿ ಇಲ್ಲೇ ನಿವೃತ್ತರಾದವರು, ಅಡಿಕೆ ತೋಟ ಮಾಡಿಕೊಂಡು ಊರಿನಲ್ಲೇ ನಿಂತವರು ಯಾರೂ ಪಟ್ಟಿಯಲ್ಲಿಲ್ಲ. ಸಂಚಿಕೆಯ ಲೆಕ್ಕದಲ್ಲಿ ಸಾಧನೆ ಎಂದರೆ ಊರಿನಿಂದ ಎಷ್ಟು ದೂರ ಹೋದೆ ಎನ್ನುವುದು. ಕಿಲೋಮೀಟರಿನ ಕಲ್ಲು ನೋಡಿ ಶಾಲು ಹೊದೆಸಿದ ಹಾಗೆ.

ದೂರ ಹೋಗುವುದೇ ಅಳತೆಯಾದರೆ ಹೆಣ್ಣುಮಕ್ಕಳಷ್ಟು ದೂರ ಹೋದವರು ಯಾರು? ನಮ್ಮ ತರಗತಿಯ 17 ಹುಡುಗಿಯರಲ್ಲಿ ಹುಟ್ಟಿದ ಮನೆಯಲ್ಲಿ ಉಳಿದವಳು ಒಬ್ಬಳೂ ಇಲ್ಲ! ಆದರೂ ವೇದಿಕೆಯ ಮೇಲೆ ಇದ್ದದ್ದು ಒಬ್ಬರೇ ಮಹಿಳೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೆ ಏರಿ ನಿವೃತ್ತರಾದವರು. ಅವರ ಪರಿಚಯ ಆರು ಸಾಲು. ಅದರಲ್ಲಿ ಎರಡು ಪತಿಯ ಬಗ್ಗೆ, ಎರಡು ಅಮೆರಿಕದಲ್ಲಿರುವ ಮಗನ ಬಗ್ಗೆ. ನಿರೂಪಕರು "ಇಂಥವರ ಧರ್ಮಪತ್ನಿಯಾಗಿ" ಎಂದು ಶುರುಮಾಡಿದಾಗ ಆಕೆ ಹಾರವನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು.

ಮುಖ್ಯ ಭಾಷಣಕಾರರು ನಮ್ಮ ಸೀಮೆಯ ಹಿರಿಮೆ ಹೇಳಿದರು. ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮ, ಆಮೇಲೆ ಕುಬಟೂರಿನ ಎಸ್. ಬಂಗಾರಪ್ಪನವರು. ಮೂರೂ ನಮಗೆ ಹೆಮ್ಮೆಯ ಹೆಸರೇ. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಯ ಶಾಲೆಗಳಲ್ಲಿ ಓದಿದವರಿಗೆ ನೌಕರಿಯಲ್ಲಿ ಕೃಪಾಂಕ ಕೊಟ್ಟದ್ದನ್ನು ಅವರು ವಿಸ್ತಾರವಾಗಿ ಹೇಳಿದರು. ನನಗೆ ತಿಳಿದ ಇಬ್ಬರು ಹುಡುಗಿಯರು ಆ ಕೃಪಾಂಕ ಪಡೆದು ಅಕ್ಕೋರಾದರು. ಇಬ್ಬರೂ ಇದೇ ಶಾಲೆಯವರು. ಭಾಷಣದಲ್ಲಿ ಕೃಪಾಂಕ ಕೊಟ್ಟವರ ಹೆಸರಿತ್ತು, ಪಡೆದು ಮೂವತ್ತು ಮೂವತ್ತು ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಹೆಸರಿರಲಿಲ್ಲ. ಅಕ್ಕಮಹಾದೇವಿಗೆ ಎಂಟು ನೂರು ವರ್ಷದ ನಂತರ ಕೈಮುಗಿಯುವುದು ಸುಲಭ. ಆಕೆ ಈಗ ಎದ್ದು ಬಂದು ವೇದಿಕೆಯಲ್ಲಿ ಕುರ್ಚಿ ಕೇಳುವುದಿಲ್ಲವಲ್ಲ.

ಅಂದು ಮನಸ್ಸಿಗೆ ತಟ್ಟಿದ ಮಾತು ಒಂದೇ. ಸನ್ಮಾನಿತರಾದ ಡಾಕ್ಟರೊಬ್ಬರು ಮೈಕಿನ ಮುಂದೆ ನಿಂತು, ಬರೆದು ತಂದ ಚೀಟಿಯನ್ನು ಮಡಚಿ ಜೇಬಿಗಿಟ್ಟು, "ನಮ್ಮಕ್ಕ ನನಗಿಂತ ಜಾಣೆ. ಎಂಟನೆಯ ತರಗತಿಗೆ ಬಿಡಿಸಿದರು, ದನ ನೋಡಿಕೊಳ್ಳೋಕೆ. ಆ ವರ್ಷ ನಾನು ಸೇರಿದೆ" ಎಂದರು. ಮುಂದೆ ಮಾತು ಹೊರಡಲಿಲ್ಲ. ಸಭೆ ಎಷ್ಟು ಮೌನವಾಯಿತೆಂದರೆ ಜನರೇಟರಿನ ಸದ್ದು ಕೇಳಿಸಿತು. ಒಂದು ಕ್ಷಣ ತಡೆದಿದ್ದರೆ ಸಾಕಿತ್ತು. ನಿರೂಪಕರು "ಸಮಯದ ಅಭಾವವಿರುವುದರಿಂದ" ಎಂದು ಮುಂದಿನವರನ್ನು ಕರೆದರು.

ಊಟದ ಹೊತ್ತಿಗೆ ನನ್ನ ಹುಡುಕಾಟ ಮುಗಿಯಿತು. ಬೆಳಗಿನಿಂದ ಕಣ್ಣು ಹುಡುಕುತ್ತಿದ್ದದ್ದು ನನ್ನ ಬೆಂಚಿನ ಗೆಳತಿಯನ್ನು. ಲೆಕ್ಕದಲ್ಲಿ ಹುಡುಗರನ್ನೂ ಹಿಂದೆ ಹಾಕಿದವಳು. ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಮಾಡಿದರೆ ಮೆಲ್ಲಗೆ ಕೆಮ್ಮುತ್ತಿದ್ದಳು. ಅವಳು ಸಿಕ್ಕದ್ದು ಅಡಿಗೆ ಕೋಣೆಯಲ್ಲಿ. ಪಕ್ಕದ ಹಳ್ಳಿಗೇ ಕೊಟ್ಟಿದ್ದರು, ಗಂಡ ಬೇಗ ತೀರಿಕೊಂಡ, ಈಗ ಅದೇ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡಿಗೆಯವಳು. ಅಂದು ಎಂಟು ನೂರು ಜನರ ಅಡಿಗೆ ಅವಳ ಮೇಲ್ವಿಚಾರಣೆಯದು.

"ಹೊರಗೆ ಬಾರೇ, ನೀನೂ ಹಳೆಯ ವಿದ್ಯಾರ್ಥಿನಿ ತಾನೇ?" ಎಂದೆ.

"ಹೂಂ ಮಾರಾಯ್ತಿ, ದಿನಾ ಬರೋ ಹಳೇ ವಿದ್ಯಾರ್ಥಿನಿ ನಾನೊಬ್ಳೇ" ಎಂದು ನಕ್ಕಳು. "ಎಂಟು ನೂರು ಎಲೆಗೆ ಅಕ್ಕಿ ಎಷ್ಟು ಬೇಕು ಅಂತ ಕಮಿಟಿಯೋರು ಲೆಕ್ಕ ಹಾಕಿ ಕೊಟ್ಟಿದ್ರು. ತಪ್ಪಿತ್ತು. ನಾನೇ ತಿದ್ದಿದೆ."

ಪಲಾವಿನ ಮೇಲಿನ ತಟ್ಟೆ ಸರಿಸಿ ನೋಡುತ್ತ ಆಡಿದ ಮಾತು ಅದು. ಕಹಿ ಇರಲಿಲ್ಲ. ಕಹಿ ಇದ್ದದ್ದು ನನ್ನಲ್ಲಿ.

ಸಂಘದ ಕಾರ್ಯದರ್ಶಿ ಒಳ್ಳೆಯ ಹುಡುಗ. ಹೊರಡುವಾಗ ಅವನನ್ನು ಹಿಡಿದು ಕೇಳಿದೆ. ಅವನು ಹೇಳಿದ್ದು: "ಅಕ್ಕಾ, ಬೇಕೂಂತ ಬಿಟ್ಟಿದ್ದಲ್ಲ. ರಿಜಿಸ್ಟರ್ ತೆಗೆದು ನೋಡಿದ್ವಿ. ಹುಡುಗ್ರಾದ್ರೆ ಮನೆ ಅಲ್ಲೇ ಇರುತ್ತೆ, ಅಪ್ಪನ್ನೋ ಅಣ್ಣನ್ನೋ ಕೇಳಿದ್ರೆ ನಂಬರ್ ಸಿಗುತ್ತೆ. ಹೆಣ್ಮಕ್ಕಳ ಇನಿಷಿಯಲ್ಲೇ ಬದಲಾಗಿರುತ್ತೆ. ಎಲ್ಲಿ ಅಂತ ಹುಡುಕೋದು?"

ಈ ಮಾತು ನಿಜ. ಅದಕ್ಕೇ ನನ್ನ ಸಿಟ್ಟು ಅಲ್ಲಿಂದ ಮುಂದೆ ಬೇರೆ ದಾರಿ ಹಿಡಿಯಿತು. ದಾಖಲಾತಿ ಪುಸ್ತಕದಲ್ಲಿ ನಮ್ಮ ಹೆಸರಿನ ಜೊತೆ ಅಪ್ಪನ ಹೆಸರು, ತವರಿನ ಊರು. ಮದುವೆಯಾದ ಮೇಲೆ ಎರಡೂ ಹೋಗುತ್ತವೆ. ಕೆಲವು ಮನೆಗಳಲ್ಲಿ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬರೆಸಿ ಹುಟ್ಟುಹೆಸರನ್ನೇ ಬದಲಾಯಿಸುತ್ತಾರೆ. ಯಾವ ಸಂಘದ ಯಾವ ಕಾರ್ಯದರ್ಶಿ ಅವಳನ್ನು ಹುಡುಕಿಯಾನು? ಸಿಕ್ಕವರಲ್ಲಿ ಶ್ರೇಷ್ಠರನ್ನು ಆರಿಸಿ, ಓದಿದವರಲ್ಲೆಲ್ಲ ಇವರೇ ಶ್ರೇಷ್ಠರು ಎಂದು ಅಚ್ಚು ಹಾಕಿಸಿದ್ದಾರೆ. ನಾನು ತಪ್ಪು ಎನ್ನುವುದು ಇದನ್ನು.

ಹೈಸ್ಕೂಲಿನ ಸನ್ಮಾನಪಟ್ಟಿಯನ್ನೇ ನಂಬಿದರೆ ನಮ್ಮ ಮಲೆನಾಡು ಎಂ.ಕೆ. ಇಂದಿರಾ ಅವರನ್ನೂ ಕಳೆದುಕೊಳ್ಳುತ್ತದೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರ ಶಾಲೆಯ ಓದು ಏಳು ವರ್ಷಕ್ಕೇ ಮುಗಿಯಿತು, ಮದುವೆ ಹನ್ನೆರಡಕ್ಕೇ ಆಯಿತು. ಮೊದಲ ಕಾದಂಬರಿ 'ತುಂಗಭದ್ರಾ' ಅಚ್ಚಾದದ್ದು 1963ರಲ್ಲಿ, ಅವರ ನಲವತ್ತಾರನೆಯ ವಯಸ್ಸಿನಲ್ಲಿ. ತಮ್ಮ ಮನೆತನದ ಹಿರಿಯ ವಿಧವೆಯೊಬ್ಬರ ನಿಜಬದುಕನ್ನು 'ಫಣಿಯಮ್ಮ' ಆಗಿಸಿದರು. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಚಲನಚಿತ್ರ ಮಾಡಿದರು. ಇಂಥವರನ್ನು ಯಾವ ಹೈಸ್ಕೂಲು "ನಮ್ಮ ಹಳೆಯ ವಿದ್ಯಾರ್ಥಿನಿ" ಎಂದು ಕರೆದೀತು?

ಮೊದಲೆಲ್ಲ ಸನ್ಮಾನ ಹೋಗುತ್ತಿದ್ದ ದಿಕ್ಕೇ ಬೇರೆ ಇತ್ತು. ಬಿ.ಎಂ. ಶ್ರೀಕಂಠಯ್ಯನವರಿಗೆ 1941ರಲ್ಲಿ 'ಸಂಭಾವನೆ' ಎಂಬ ಅಭಿನಂದನ ಗ್ರಂಥ ಅರ್ಪಿಸಿದರಲ್ಲ, ಅದರ ಹಿಂದೆ ಇದ್ದದ್ದು ಅವರಿಂದ ಕಲಿತವರ ಪ್ರೀತಿ. ಕಲಿತವರು ಕಲಿಸಿದವರಿಗೆ ಕೊಡುತ್ತಿದ್ದರು. ಈಗ ಶಾಲೆಯೇ ಶಿಷ್ಯನಿಗೆ ಶಾಲು ಹೊದೆಸುತ್ತದೆ, ವಂದನಾರ್ಪಣೆಯಲ್ಲಿ ಹೊಸ ಕೊಠಡಿಯ ವಿಷಯ ಬರುತ್ತದೆ. ಬರಲಿ, ಸೋರುವ ಮಾಡಿನ ಕೆಳಗೆ ಓದಿದವಳು ನಾನು, ಕೊಠಡಿ ಬೇಡ ಎನ್ನಲಾರೆ. ಆದರೆ ಅಡಿಗೆಯವಳು ಕೊಠಡಿ ಕಟ್ಟಿಸಲಾರಳು ಎಂಬುದು ಪಟ್ಟಿ ಮಾಡುವವರಿಗೆ ಗೊತ್ತಿರುತ್ತದೆ, ಅಲ್ಲವೇ?

ಆ ಹುಡುಗ ಮರುವರ್ಷ ನನಗೆ ಫೋನು ಮಾಡಿದ, ಈ ಸಲ ನನ್ನ ಹೆಸರು ಹಿಡಿದೇ. "ಅಕ್ಕಾ, ನಿಮ್ಮ ಬ್ಯಾಚಿನ ಹೆಣ್ಮಕ್ಕಳ ಪಟ್ಟಿ ಮಾಡಿಕೊಡ್ತೀರಾ?" ಒಪ್ಪಿಕೊಂಡೆ. ಒಂದು ಗುಟ್ಟು ಹೇಳುತ್ತೇನೆ, ನಿಮ್ಮೂರಲ್ಲೂ ಬೇಕಾದೀತು. ಹೆಣ್ಣುಮಕ್ಕಳನ್ನು ಹುಡುಕುವಾಗ "ಎಲ್ಲಿ ಕೆಲಸದಲ್ಲಿದ್ದಾಳೆ" ಎಂದು ಕೇಳಬಾರದು, "ಎಲ್ಲಿಗೆ ಕೊಟ್ಟಿದ್ದಾರೆ" ಎಂದು ಕೇಳಬೇಕು. ಅದನ್ನೂ ಗಂಡಸರನ್ನಲ್ಲ, ಅತ್ತಿಗೆಯರನ್ನು, ಬಳೆಗಾರ್ತಿಯನ್ನು, ಜಾತ್ರೆಗೆ ತವರಿಗೆ ಬಂದವರನ್ನು. ಹೀಗೆ 17 ಜನರಲ್ಲಿ 9 ಜನ ಸಿಕ್ಕರು. ಒಬ್ಬಳು ಶಿರಸಿಯಲ್ಲಿ ಹೊಲಿಗೆ ಶಾಲೆ ನಡೆಸುತ್ತಾಳೆ. ಒಬ್ಬಳು ಎರಡು ಸಲ ಗ್ರಾಮ ಪಂಚಾಯ್ತಿ ಸದಸ್ಯೆ. ಮೂರನೆಯ ಸಲ ನಿಂತು ಸೋತದ್ದನ್ನು ಗೆದ್ದದ್ದಕ್ಕಿಂತ ಹೆಚ್ಚು ಉತ್ಸಾಹದಿಂದ ಹೇಳಿದಳು. ಒಬ್ಬಳು ಏನೂ ಮಾಡುವುದಿಲ್ಲ, ಹಾಗೆಂದು ಅವಳೇ ಹೇಳಿದಳು; ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡವಳು. ಅವಳ ಹೆಸರನ್ನೂ ಬರೆದೆ.

ಇನ್ನು 8 ಜನ ಬಾಕಿ. ಅವರಲ್ಲಿ ಒಬ್ಬಳನ್ನು ಹಾನಗಲ್ ಕಡೆಗೆ ಕೊಟ್ಟಿದ್ದರೆಂದು ನೆನಪು. ಪದ್ಯ ಒಪ್ಪಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಅವಳ ಹೆಸರು ಬರೆದು ಇನಿಷಿಯಲ್ಲಿನ ಜಾಗ ಖಾಲಿ ಬಿಟ್ಟಿದ್ದೇನೆ.