ಆಸನಕ್ಕೆ ಹೆಸರಿದೆ, ಆಕೆಗಿಲ್ಲ

ಹಳೆಯ ಕಾಲದ ಪೀಠೋಪಕರಣಗಳಿಂದ ಮನೆ ಸಿಂಗರಿಸುವವರಿಗೆ 'ಶೇಜ್ ಲಾಂಗ್' ಗೊತ್ತು. ಒರಗಿ ಕಾಲು ಚಾಚಲು ಫ್ರೆಂಚರು ಮಾಡಿಕೊಂಡ ನೀಳ ಆಸನ. ಅದರ ಒಂದು ಬಗೆಗೆ 'ರೆಕಾಮಿಯೆ' ಎನ್ನುತ್ತಾರೆ. ಪ್ಯಾರಿಸ್ಸಿನ ಜೂಲಿಯೆಟ್ ರೆಕಾಮಿಯೆ ಅಂಥದೊಂದರ ಮೇಲೆ ಒರಗಿರುವುದನ್ನು ದಾವೀದ್ 1800ರಲ್ಲಿ ಚಿತ್ರಿಸಿದ. ಬರಿಗಾಲು, ಬಿಳಿಯ ಉಡುಪು, ನಮ್ಮತ್ತ ಹೊರಳಿದ ಮುಖ. ಚಿತ್ರ ಅರ್ಧಕ್ಕೇ ನಿಂತಿತು. ಆದರೂ ಆಸನಕ್ಕೆ ಆಕೆಯ ಹೆಸರು ಉಳಿಯಿತು.

ದಾವೀದನ ಶಿಷ್ಯ ಆಂಗ್ರ 1814ರಲ್ಲಿ ಹೆಚ್ಚುಕಡಿಮೆ ಅದೇ ಭಂಗಿಯನ್ನು ಮತ್ತೆ ಬಿಡಿಸಿದ. ಈ ಸಲ ಮೈಮೇಲೆ ಬಟ್ಟೆಯಿಲ್ಲ. ತಲೆಗೆ ರುಮಾಲು, ಕೈಯಲ್ಲಿ ನವಿಲುಗರಿಯ ಬೀಸಣಿಗೆ. ಹೆಸರು 'ಗ್ರಾಂದ್ ಒದಲಿಸ್ಕ್', ಅಂದರೆ ಜನಾನಾದ ದಾಸಿ. ಚಿತ್ರ ಬರೆಸಿದಾಕೆ ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲಿನ್. ಆಂಗ್ರ ತುರ್ಕಿಯ ನೆಲ ಮೆಟ್ಟಿದವನೇ ಅಲ್ಲ. ಆ ಬೆನ್ನಿಗೆ ಮೂಳೆಗಳು ಹೆಚ್ಚಾದವೆಂದು ವಿಮರ್ಶಕರು ಆಕ್ಷೇಪಿಸಿದರು. ಪಾಪ, ಮೂಳೆಯ ಲೆಕ್ಕ ಸಿಕ್ಕಿತು! ಆದರೆ ನಮ್ಮನ್ನು ಕಾಡುವುದು ಆಕೆಗೊಂದು ಹೆಸರಿಲ್ಲವೆಂಬುದು.

ಎರಡೂ ಚಿತ್ರಗಳು ಇಂದು ಲೂವ್ರ್ ಸಂಗ್ರಹಾಲಯದಲ್ಲಿವೆ.

ಇನ್ನು ಆ ಒರಗುವ ಮೆತ್ತೆಗೆ ಯುರೋಪು ಇಟ್ಟುಕೊಂಡ ಇನ್ನೊಂದು ಹೆಸರು 'ದಿವಾನ್'. ಉರ್ದು ಕಲಿತ ನಮಗೆ ದಿವಾನ್ ಎಂದರೆ ಗಾಲಿಬರ ಗಜಲುಗಳ ಸಂಕಲನ. ಕನ್ನಡ ಶಾಲೆಯಲ್ಲಿ ಓದಿದ್ದು ಮೈಸೂರಿನ ದಿವಾನರನ್ನು. ನಮ್ಮ ನಡುಮನೆಯಲ್ಲೂ ಒಂದು ದಿವಾನ್ ಇದೆ. ಒಗೆದ ಬಟ್ಟೆ ಅದರ ಮೇಲೆ ಬಿದ್ದಿರುತ್ತದೆ.