ಮರುಮುದ್ರಣ ಮತ್ತು ಪಾಠಾಂತರ: ಶೆರಿಡನ್ ಲೆಫಾನು ಕಥೆಗಳ ಮರುಶೋಧವನ್ನು ಕುರಿತು

ಮರೆತುಹೋದ ಕೃತಿಯೊಂದು ಮತ್ತೆ ಅಚ್ಚಾಗಿ ಓದುಗರ ಕೈಸೇರುವುದು ಸಂತೋಷದ ಸಂಗತಿ. ಇಂಗ್ಲಿಷಿನ ಹಳೆಯ ಪತ್ತೇದಾರಿ ಮತ್ತು ಅತಿಮಾನುಷ ಕಥೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಇಂಥ ಭಾಗ್ಯ ಒದಗಿದೆ. ಜೆ. ಜೆಫರ್ಸನ್ ಫಾರ್ಜನ್ 1937ರಲ್ಲಿ ಪ್ರಕಟಿಸಿದ 'ಮಿಸ್ಟರಿ ಇನ್ ವೈಟ್' ಕಾದಂಬರಿಯನ್ನು ಬ್ರಿಟಿಷ್ ಲೈಬ್ರರಿಯು 2014ರಲ್ಲಿ ಮರುಮುದ್ರಿಸಿದಾಗ ಅದು ಅನಿರೀಕ್ಷಿತವಾಗಿ ಅಪಾರ ಓದುಗರನ್ನು ಪಡೆಯಿತು. ವಿಲಕ್ಷಣ ಕಥೆಗಳಿಗೆಂದೇ ಅದೇ ಸಂಸ್ಥೆ 2018ರಲ್ಲಿ ಪ್ರತ್ಯೇಕ ಮಾಲಿಕೆಯನ್ನು ಆರಂಭಿಸಿತು. ಆದರೆ ಮರುಮುದ್ರಣವೆಂದರೆ ಇದ್ದುದನ್ನು ಇದ್ದಂತೆ ಮರಳಿ ಕೊಡುವ ಕ್ರಿಯೆಯಲ್ಲ. ಅದೂ ಒಂದು ಆಯ್ಕೆ. ಒಂದು ಕಥೆಗೆ ಹಲವು ಪಾಠಗಳಿದ್ದಾಗ ಯಾವುದು ಮರಳಿತು, ಯಾವುದು ಹಿಂದೆಯೇ ಉಳಿಯಿತು ಎಂಬ ಪ್ರಶ್ನೆ ಜಾನಪದ ಅಧ್ಯಯನಕಾರನಿಗೆ ಸಹಜವಾಗಿ ಏಳುತ್ತದೆ. ಐರಿಷ್ ಲೇಖಕ ಜೋಸೆಫ್ ಶೆರಿಡನ್ ಲೆಫಾನುವಿನ (1814–1873) ಕಥೆಗಳ ಪುನರುಜ್ಜೀವನದ ಚರಿತ್ರೆಯನ್ನು ಆಧರಿಸಿ ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಅನಾಮಿಕ ಪುಟಗಳಿಂದ ಗ್ರಂಥಕ್ಕೆ

ಡಬ್ಲಿನ್‌ನಲ್ಲಿ ಹುಟ್ಟಿದ ಲೆಫಾನು ತನ್ನ ಹರೆಯದ ದಿನಗಳನ್ನು ಲಿಮೆರಿಕ್ ಪ್ರಾಂತದ ಗ್ರಾಮಾಂತರದಲ್ಲಿ ಕಳೆದವನು. ತಂದೆ ಪ್ರಾಟೆಸ್ಟಂಟ್ ಪಾದ್ರಿ. ಸುತ್ತಲಿನ ರೈತಾಪಿ ಜನ ಕ್ಯಾಥೊಲಿಕರು. ಆಡಳಿತ ವರ್ಗದ ಮನೆಯ ಹುಡುಗನೊಬ್ಬ ಆಳಲ್ಪಡುವವರ ಬಾಯಿಂದ ಕಥೆ ಕೇಳಿ ಬೆಳೆದ ಈ ಸನ್ನಿವೇಶವನ್ನು ಅವನ ಬರವಣಿಗೆಯುದ್ದಕ್ಕೂ ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. ಅವನ ಆರಂಭದ ಕಥೆಗಳು 'ಡಬ್ಲಿನ್ ಯೂನಿವರ್ಸಿಟಿ ಮ್ಯಾಗಝೀನ್'ನಲ್ಲಿ, ಕೊನೆಗಾಲದ ಹಲವು ಕಥೆಗಳು ಡಿಕನ್ಸ್ ಸ್ಥಾಪಿಸಿದ 'ಆಲ್ ದ ಇಯರ್ ರೌಂಡ್' ಪತ್ರಿಕೆಯಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾದವು. ಅವನು ತೀರಿಕೊಂಡ ಮೇಲೆ ಕಾದಂಬರಿಗಳ ಹೆಸರು ಹೇಗೋ ಉಳಿಯಿತು; ಸಣ್ಣಕಥೆಗಳು ಹಳೆಯ ಸಂಪುಟಗಳಲ್ಲಿ ಹೂತುಹೋದವು.

ಅವುಗಳನ್ನು ಹೊರತೆಗೆದವನು ಎಂ. ಆರ್. ಜೇಮ್ಸ್. ಹಸ್ತಪ್ರತಿ ಸೂಚಿಗಳ ರಚನೆಯಲ್ಲಿ ಪಳಗಿದ ಈ ವಿದ್ವಾಂಸ ಸ್ವತಃ ಪ್ರೇತಕಥೆಗಳ ಖ್ಯಾತ ಲೇಖಕ. ಅವನು ಪತ್ರಿಕೆಗಳ ಅನಾಮಿಕ ಪುಟಗಳನ್ನು ಶೋಧಿಸಿ, ಕರ್ತೃತ್ವವನ್ನು ನಿರ್ಣಯಿಸಿ, ಹನ್ನೆರಡು ಕಥೆಗಳನ್ನು 1923ರಲ್ಲಿ 'ಮ್ಯಾಡಂ ಕ್ರೌಲ್ಸ್ ಘೋಸ್ಟ್' ಎಂಬ ಸಂಪುಟವಾಗಿ ಹೊರತಂದನು. ಪ್ರೇತಕಥೆಗಾರರ ಪೈಕಿ ಲೆಫಾನು ಮೊದಲ ಪಂಕ್ತಿಯವನೆಂಬ ಅವನ ತೀರ್ಮಾನವೇ ಮುಂದಿನ ಎಲ್ಲ ಮರುಮುದ್ರಣಗಳಿಗೆ ತಳಹದಿಯಾಯಿತು. ಹಸ್ತಪ್ರತಿಶಾಸ್ತ್ರದ ಶಿಸ್ತನ್ನು ಜನಪ್ರಿಯ ಸಾಹಿತ್ಯಕ್ಕೆ ಅನ್ವಯಿಸಿದ ಅಪರೂಪದ ನಿದರ್ಶನವಿದು.

2. ಹೇಳಿದವರು ಯಾರು?

ಆದರೆ ಜೇಮ್ಸ್ ಕೇಳಿದ ಪ್ರಶ್ನೆ 'ಬರೆದವರು ಯಾರು?' ಎಂಬುದು. ಜಾನಪದ ವಿದ್ವಾಂಸನ ಪ್ರಶ್ನೆ 'ಹೇಳಿದವರು ಯಾರು?' ಎಂಬುದು. ಆ ಸಂಪುಟದಲ್ಲಿಯೇ ಇರುವ, 1870ರಲ್ಲಿ ಮೊದಲು ಅಚ್ಚಾದ 'ಸ್ಟೋರೀಸ್ ಆಫ್ ಲಾಖ್ ಗರ್' ಬರಹವನ್ನು ಗಮನಿಸಬಹುದು. ತಾನು ಹನ್ನೆರಡು–ಹದಿಮೂರರ ಹುಡುಗನಾಗಿದ್ದಾಗ ಪರಿಚಯವಾದ ವೃದ್ಧೆಯೊಬ್ಬಳ ಹೆಸರು, ಅವಳ ಊರು, ಅವಳ ಮನೆಯ ವಾತಾವರಣ ಇವಿಷ್ಟನ್ನೂ ಹೇಳಿಯೇ ಲೇಖಕ ಕಥೆಗೆ ತೊಡಗುತ್ತಾನೆ. ಬಳಿಕ ಬರುವುದು ಸರೋವರದಡಿಯಲ್ಲಿ ಮಾಯೆಗೊಳಗಾಗಿ ನೆಲೆಸಿರುವ ಡೆಸ್ಮಂಡ್ ದೊರೆಯ ಐತಿಹ್ಯ. ಏಳು ವರ್ಷಕ್ಕೊಮ್ಮೆ ಅವನು ಬೆಳ್ಳಿಯ ಲಾಳ ಕಟ್ಟಿದ ಕುದುರೆಯೇರಿ ನೀರಿನ ಮೇಲೆ ಸವಾರಿ ಮಾಡುತ್ತಾನೆ. ಆ ಲಾಳ ಸವೆದ ದಿನ ಅವನಿಗೆ ಬಿಡುಗಡೆ. ಇದು ಲೆಫಾನು ಕಲ್ಪಿಸಿದ್ದಲ್ಲ. ಲಾಖ್ ಗರ್ ಪರಿಸರದ ಜನ ಹೇಳಿಕೊಂಡು ಬಂದದ್ದು. ಐರಿಷ್ ಜಾನಪದ ಆಯೋಗ ಸ್ಥಾಪನೆಯಾದದ್ದು 1935ರಲ್ಲಿ. ಅದಕ್ಕೆ ಅರವತ್ತೈದು ವರ್ಷ ಮೊದಲೇ ವಕ್ತೃವಿನ ಹೆಸರು ಮತ್ತು ಸ್ಥಳ ಸಮೇತ ಒಂದು ಐತಿಹ್ಯ ಇಲ್ಲಿ ದಾಖಲಾಗಿದೆ. ಇದನ್ನು ಪ್ರೇತಕಥೆಯೆಂಬ ಹಣೆಪಟ್ಟಿಯಡಿ ಇಟ್ಟೊಡನೆ ದಾಖಲೆಯ ಗುಣ ಮರೆಯಾಗಿ ಭಯದ ರಂಜನೆಯಷ್ಟೇ ಮುಂದಾಗುತ್ತದೆ.

ಅದೇ ವರ್ಷದ 'ದ ಚೈಲ್ಡ್ ದಟ್ ವೆಂಟ್ ವಿತ್ ದ ಫೇರೀಸ್' ಕಥೆಯ ಆರಂಭದಲ್ಲಿ ವಿಧವೆಯ ಗುಡಿಸಲಿನ ವರ್ಣನೆಯಿದೆ. ರೋವನ್ ಮರಗಳು, ಬಾಗಿಲಿಗೆ ಹೊಡೆದ ಕುದುರೆ ಲಾಳ, ಹುಲ್ಲುಮಾಡಿನ ಮೇಲೆ ಬೆಳೆಸಿದ ಸಸ್ಯ – ಇವು ಅಲಂಕಾರವಲ್ಲ. ಅಗೋಚರ ಜನರ ಕಾಟದಿಂದ ಮನೆಯನ್ನು ಕಾಯುವ ರಕ್ಷಾವಿಧಿಗಳ ಪಟ್ಟಿ. ಇಷ್ಟೆಲ್ಲ ಕಾವಲಿದ್ದೂ ಮಗು ಹೋಗುತ್ತದೆ. ಹೋದ ಮಗುವನ್ನು ಒಡಹುಟ್ಟಿದವರು ಆಮೇಲೆ ಕೆಲವು ಸಲ ಕಾಣುತ್ತಾರೆ. ತಾಯಿಗೆ ಮಾತ್ರ ಅದು ಒಮ್ಮೆಯೂ ಕಾಣುವುದಿಲ್ಲ. 1840ರ ದಶಕದ ಕ್ಷಾಮದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ನಾಡಿನಲ್ಲಿ ಈ ಕಥೆಯನ್ನು ಭಯಕ್ಕಿಂತ ಶೋಕದ ಕಥನವಾಗಿ ಓದುವುದೇ ಹೆಚ್ಚು ಯುಕ್ತವೆಂದು ತೋರುತ್ತದೆ.

3. ಒಂದು ಕೊಲೆ, ಮೂರು ಪಾಠ

ಪಾಠಾಂತರದ ಪ್ರಶ್ನೆ ಇನ್ನೂ ಸ್ಪಷ್ಟವಾಗುವುದು ಲೆಫಾನುವಿನ ಅತ್ಯಂತ ಪ್ರಸಿದ್ಧ ಅಪರಾಧ ಕಾದಂಬರಿ 'ಅಂಕಲ್ ಸೈಲಸ್'ನಲ್ಲಿ (1864). ತಂದೆ ಸತ್ತ ಹುಡುಗಿಯೊಬ್ಬಳು ಚಿಕ್ಕಪ್ಪನ ಪಾಲನೆಗೆ ಬರುತ್ತಾಳೆ. ಅವಳ ಆಸ್ತಿಗಾಗಿ ಅವಳನ್ನು ಕೊಲ್ಲುವ ಸಂಚು ನಡೆಯುತ್ತದೆ. ಒಳಗಿನಿಂದ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಹಿಂದೊಮ್ಮೆ ಸಂಭವಿಸಿದ ಸಾವಿನ ರಹಸ್ಯವೂ ಇದರೊಂದಿಗೆ ಹೆಣೆದುಕೊಂಡಿದೆ. ಕತ್ತಲಲ್ಲಿ ಆಳು ತಪ್ಪಿ, ಸಂಚಿನಲ್ಲಿ ಪಾಲುಗೊಂಡ ಫ್ರೆಂಚ್ ಶಿಕ್ಷಕಿ ಹತಳಾಗುತ್ತಾಳೆ. ಕಥೆ ನಡೆಯುವುದು ಇಂಗ್ಲೆಂಡಿನ ಡರ್ಬಿಷೈರ್‌ನಲ್ಲಿ.

ಇದೇ ಕಥೆಯನ್ನು ಲೆಫಾನು 1838ರಲ್ಲಿಯೇ 'ಐರಿಷ್ ಕೌಂಟೆಸ್ ಒಬ್ಬಳ ಗುಪ್ತ ಚರಿತ್ರೆಯ ಒಂದು ಪ್ರಸಂಗ' ಎಂಬರ್ಥದ ಶೀರ್ಷಿಕೆಯಲ್ಲಿ ಪ್ರಕಟಿಸಿದ್ದನು. ಮುಚ್ಚಿದ ಕೋಣೆಯ ರಹಸ್ಯಕ್ಕೆ ಆದಿಯೆಂದು ಸಾಮಾನ್ಯವಾಗಿ ಹೆಸರಿಸಲಾಗುವ ಎಡ್ಗರ್ ಅಲನ್ ಪೋ ಕಥೆ ಬಂದದ್ದು 1841ರಲ್ಲಿ ಎಂಬುದು ಗಮನಾರ್ಹ. 'ದ ಮರ್ಡರ್ಡ್ ಕಸಿನ್' ಎಂಬ ಹೆಸರಿನಿಂದ ಇದರ ಎರಡನೆಯ ಪಾಠ 1851ರಲ್ಲಿ ಬಂದಿತು. ಮೊದಲ ಪಾಠ ಐರ್ಲೆಂಡಿನದು. ಅಲ್ಲಿ ಸಾಯುವವಳು ಹೊರಗಿನ ಶಿಕ್ಷಕಿಯಲ್ಲ, ಸಂಚು ಹೂಡಿದ ಚಿಕ್ಕಪ್ಪನ ಸ್ವಂತ ಮಗಳು.

ಈ ವ್ಯತ್ಯಾಸ ಸಣ್ಣದಲ್ಲ. ರಾಕ್ಷಸನು ಅತಿಥಿ ಮಕ್ಕಳನ್ನು ಕೊಲ್ಲಹೋಗಿ ಕತ್ತಲಲ್ಲಿ ತನ್ನ ಮಕ್ಕಳನ್ನೇ ಕೊಲ್ಲುವ ಕಥೆ ಜನಪದ ಲೋಕದಲ್ಲಿ ಬಹು ಪ್ರಚಲಿತ. ಆರ್ನೆ–ಥಾಂಪ್ಸನ್ ಸೂಚಿಯಲ್ಲಿ ಇದು 1119ನೆಯ ವರ್ಗ. ಪೆರೋ 1697ರಲ್ಲಿ ಪ್ರಕಟಿಸಿದ ಹೆಬ್ಬೆರಳ ಗಾತ್ರದ ಹುಡುಗನ ಕಥೆಯಲ್ಲಿಯೂ ಈ ಆಶಯವಿದೆ. 1838ರ ಪಾಠದ ಅಸ್ಥಿಪಂಜರ ಇದೇ. ಲೆಫಾನು ನಿರ್ದಿಷ್ಟ ಜನಪದ ಕಥೆಯೊಂದನ್ನು ಎತ್ತಿಕೊಂಡನೆಂದು ಇಲ್ಲಿ ವಾದಿಸುತ್ತಿಲ್ಲ. ರಚನೆಯ ಸಾಮ್ಯವನ್ನಷ್ಟೇ ಗುರುತಿಸಲಾಗಿದೆ. ಆ ರಚನೆಯ ನೈತಿಕ ತಿರುಳು ಒಂದೇ: ಅನ್ಯರ ಮಗುವಿಗೆ ಎತ್ತಿದ ಕತ್ತಿ ತನ್ನ ಮಗುವಿನ ಮೇಲೆಯೇ ಬೀಳುತ್ತದೆ. ಭೂಮಿ ಮತ್ತು ಉತ್ತರಾಧಿಕಾರದ ಹಪಹಪಿಯಿಂದ ಒಂದು ವರ್ಗ ತನ್ನ ಸಂತಾನವನ್ನೇ ನುಂಗುತ್ತಿದೆ ಎಂಬ ಧ್ವನಿ ಐರ್ಲೆಂಡಿನ ಹಿನ್ನೆಲೆಯಲ್ಲಿ ತಾನಾಗಿ ಹೊರಡುತ್ತದೆ. 1864ರಲ್ಲಿ ಬಲಿಯನ್ನು ಬದಲಿಸಿದಾಗ 'ಮಾಡಿದ್ದುಣ್ಣೋ ಮಹರಾಯ' ಎಂಬ ನ್ಯಾಯ ಉಳಿಯುತ್ತದೆ, ದುರಂತ ಉಳಿಯುವುದಿಲ್ಲ.

ಊರು ಬದಲಾದದ್ದೇಕೆ? ಇಂಗ್ಲೆಂಡಿನ ವಸ್ತು ಮತ್ತು ಆಧುನಿಕ ಕಾಲ ಇರಬೇಕೆಂಬುದು ಲಂಡನ್ನಿನ ಪ್ರಕಾಶಕ ಬೆಂಟ್ಲಿ ಹಾಕಿದ್ದ ನಿಬಂಧನೆ. 1947ರ ಮರುಮುದ್ರಣಕ್ಕೆ ಪ್ರಸ್ತಾವನೆ ಬರೆದ ಎಲಿಜಬೆತ್ ಬೋವೆನ್, ಇದು ಇಂಗ್ಲೆಂಡಿನ ವೇಷ ತೊಟ್ಟ ಐರಿಷ್ ಕಥೆಯೆಂದು ಗುರುತಿಸಿದ್ದು ಸೂಕ್ಷ್ಮವಾದ ಒಳನೋಟ. ಆ ಮಾತಿಗೆ ಆಧಾರ 1838ರ ಪಾಠದಲ್ಲಿಯೇ ಇದೆ. ಆದರೆ ಮೂರೂ ಪಾಠಗಳನ್ನು ಮುಂದಿಟ್ಟುಕೊಂಡ ಓದುಗನಿಗಲ್ಲದೆ ಕಾದಂಬರಿಯೊಂದನ್ನೇ ಕೊಂಡವನಿಗೆ ಅದು ಕಾಣದು.

4. ಕಥಾಚೌಕಟ್ಟಿನ ಅಳಿವು

1838ರ ಕಥೆಗೆ ಒಂದು ಚೌಕಟ್ಟೂ ಇತ್ತು. ಫಾದರ್ ಫ್ರಾನ್ಸಿಸ್ ಪರ್ಸೆಲ್ ಎಂಬ ಹಳ್ಳಿಯ ಪಾದ್ರಿ ಬಿಟ್ಟುಹೋದ ಕಾಗದಗಳಲ್ಲಿ ದೊರೆತದ್ದೆಂದು ಅದು ನಿರೂಪಿತವಾಗಿದೆ. ಪರ್ಸೆಲ್ ಕಲ್ಪಿತ ವ್ಯಕ್ತಿ; ಆದರೆ ಸ್ಥಳೀಯ ಐತಿಹ್ಯಗಳನ್ನು ಬರೆದಿಡುವ ಹವ್ಯಾಸದ ಅವನನ್ನು ಕಲ್ಪಿತ ಜಾನಪದ ಸಂಗ್ರಾಹಕನೆಂದೇ ಕರೆಯಬಹುದು. ಈ ಮಾಲೆ ಲೇಖಕನ ಮರಣಾನಂತರ 1880ರಲ್ಲಿ 'ದ ಪರ್ಸೆಲ್ ಪೇಪರ್ಸ್' ಎಂದು ಮೂರು ಸಂಪುಟಗಳಲ್ಲಿ ಬಂದಿತು. ಬಿಡಿ ಕಥೆಗಳು ಸಂಕಲನಗಳಿಗೆ ಸೇರಿದಾಗ ಪರ್ಸೆಲ್ ಅನಗತ್ಯವೆನಿಸುತ್ತಾನೆ. 'ಇನ್ ಎ ಗ್ಲಾಸ್ ಡಾರ್ಕ್ಲಿ' (1872) ಸಂಪುಟದ ಐದು ಕಥೆಗಳನ್ನು ಡಾ. ಹೆಸೀಲಿಯಸ್ ಎಂಬ ವೈದ್ಯನ ಕಡತಗಳು ಪೋಣಿಸಿವೆ. ಅವುಗಳಲ್ಲಿ ಕೊನೆಯದಾದ 'ಕಾರ್ಮಿಲ್ಲಾ' ಇಂದು ಸ್ವತಂತ್ರ ಪುಸ್ತಕವಾಗಿ ಮಾರಾಟವಾಗುತ್ತಿದೆ. ಕೇಳಿದವನು, ಬರೆದಿಟ್ಟವನು, ಪ್ರಕಟಿಸಿದವನು ಎಂಬ ಸರಪಣಿ ಕಡಿದಾಗ ಕಥೆಯ ವಿಶ್ವಾಸಾರ್ಹತೆಯನ್ನು ಕುರಿತ ಪ್ರಶ್ನೆಯೂ ಇಲ್ಲವಾಗುತ್ತದೆ. ಆ ಪ್ರಶ್ನೆಯೇ ಈ ಕಥೆಗಳ ಜೀವಾಳ.

ಸಮಾರೋಪ

ಮರುಮುದ್ರಣಕಾರರನ್ನು ಆಕ್ಷೇಪಿಸುವುದು ಇಲ್ಲಿನ ಆಶಯವಲ್ಲ. ಜೇಮ್ಸ್ ಶ್ರಮಿಸದಿದ್ದರೆ ಚರ್ಚಿಸಲು ಈ ಕಥೆಗಳೇ ಇರುತ್ತಿರಲಿಲ್ಲ. ಅಗ್ಗದ ಬೆಲೆಗೆ, ಅಂದವಾದ ಮುಖಪುಟದೊಂದಿಗೆ ಅವು ಸಾಮಾನ್ಯ ಓದುಗರನ್ನು ತಲುಪುತ್ತಿರುವುದು ಸಣ್ಣ ಸೇವೆಯಲ್ಲ. ಆದರೆ ಸಂಶೋಧಕರೂ ಗ್ರಂಥಾಲಯಗಳೂ ಅಷ್ಟಕ್ಕೇ ತೃಪ್ತರಾಗಬಾರದು. ಪಾಠ ಯಾವ ವರ್ಷದ್ದು, ಮೊದಲು ಎಲ್ಲಿ ಅಚ್ಚಾಯಿತು, ಬೇರೆ ಪಾಠಗಳಿವೆಯೇ, ಹೇಳಿದವರ ಉಲ್ಲೇಖವಿದೆಯೇ ಎಂಬ ನಾಲ್ಕು ವಿವರಗಳನ್ನು ಪ್ರತಿ ಮರುಮುದ್ರಣವೂ ಒದಗಿಸಬೇಕು. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯಿಂದ ನಾವು ಕೇಳುವುದು ಇಷ್ಟನ್ನೇ ಅಲ್ಲವೇ?

ಈ ಮಾತು ಕನ್ನಡಕ್ಕೂ ಹೊರತಲ್ಲ. ಒಂದು ಕಾಲಕ್ಕೆ ನಮ್ಮ ಊರೂರುಗಳ ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಪತ್ತೇದಾರಿ ಕಾದಂಬರಿಗಳನ್ನು ಸಂಗ್ರಹಯೋಗ್ಯವೆಂದು ಭಾವಿಸಿದ ಗ್ರಂಥಾಲಯಗಳು ವಿರಳ. ಅವು ಎಂದಾದರೂ ಮರುಮುದ್ರಣಗೊಳ್ಳಬೇಕಾದರೆ ಮೊದಲ ಮುದ್ರಣದ ಪ್ರತಿಗಳು ಎಲ್ಲಿಯಾದರೂ ಉಳಿದಿರಬೇಕು. ಜೇಮ್ಸ್‌ಗೆ ಹಳೆಯ ಪತ್ರಿಕೆಗಳ ಸಂಪುಟಗಳು ದೊರೆತವು. ಅವುಗಳನ್ನು ಎಸೆಯದೆ ಕಾಪಾಡಿದ ಗ್ರಂಥಪಾಲಕರ ಹೆಸರು ಯಾವ ಪ್ರಸ್ತಾವನೆಯಲ್ಲಿಯೂ ಬರುವುದಿಲ್ಲ. ಮರುಶೋಧದ ಮೊದಲ ಹೆಜ್ಜೆ ಮಾತ್ರ ಅವರದೇ.